ವರ್ಜೀನಿಯಾದ ಕೆಸರೋ, ವಿಕ್ಸ್‌ಬರ್ಗ್‌ನ ಸೆಕೆಯೋ?

ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಮೆರಿಕದ ಅಂತರ್ಯುದ್ಧದಲ್ಲಿ ಮಳೆ, ಮಣ್ಣು, ಕಾಡು ಸೈನಿಕರನ್ನು ಹೇಗೆ ಕಾಡಿದವು ಅಂತ ಕಣ್ಣಾರೆ ನೋಡುವ ಆಸೆ. ಆದರೆ ರಜೆ ಒಂದೇ ಜಾಗಕ್ಕೆ ಸಾಕು. ಎಲ್ಲಿಗೆ ಹೋಗೋದು?

ಮೊದಲನೆಯದು ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಸುತ್ತಮುತ್ತ. 1863ರ ಜನವರಿಯಲ್ಲಿ ಉತ್ತರದ ಜನರಲ್ ಬರ್ನ್‌ಸೈಡ್ ರಾಪಹ್ಯಾನಕ್ ನದಿ ದಾಟಲು ಸೈನ್ಯ ಹೊರಡಿಸಿದರು. ರಾತ್ರಿ ಮಳೆ ಹಿಡಿಯಿತು, ಬಿಡಲೇ ಇಲ್ಲ. ಫಿರಂಗಿ, ಗಾಡಿ ಎಲ್ಲ ಹೂತವು. ಎಳೆದೆಳೆದು ಸುಸ್ತಾದ ಕುದುರೆ, ಹೇಸರಗತ್ತೆಗಳು ಕೆಸರಲ್ಲೇ ಸತ್ತವು. ಆಚೆ ದಡದ ದಕ್ಷಿಣದವರು ಬೋರ್ಡ್ ಬರೆದು ಅಣಕಿಸಿದರು. ಅದೇ ತಿಂಗಳು ಬರ್ನ್‌ಸೈಡ್ ಹುದ್ದೆಯೂ ಹೋಯಿತು!

ಹತ್ತಿರದಲ್ಲೇ ವಿಲ್ಡರ್ನೆಸ್ ಕಾಡಿದೆ. 1864ರ ಮೇ ತಿಂಗಳಲ್ಲಿ ಅಲ್ಲಿ ಕಥೆ ಉಲ್ಟಾ. ಒತ್ತಾದ ಪೊದೆಗಳಲ್ಲಿ ಎದುರಿನವರೇ ಕಾಣುತ್ತಿರಲಿಲ್ಲ. ಗುಂಡಿನ ಕಿಡಿಗೆ ಒಣ ಎಲೆ ಹತ್ತಿಕೊಂಡು, ಏಳಲಾಗದ ಗಾಯಾಳುಗಳು ಸುಟ್ಟುಹೋದರು. ಓದುವಾಗಲೇ ಹೊಟ್ಟೆ ಕಿವುಚುತ್ತದೆ.

ಎರಡನೆಯದು ವಿಕ್ಸ್‌ಬರ್ಗ್. ಈ ಊರು ಇರುವುದು ಮಿಸಿಸಿಪಿ ನದಿಯ ದಡದ ದಿಬ್ಬದ ಮೇಲೆ. 1863ರ ಮೇ 18ರಿಂದ ಜುಲೈ 4ರವರೆಗೆ ಉತ್ತರದ ಜನರಲ್ ಗ್ರಾಂಟ್ ಮುತ್ತಿಗೆ ಹಾಕಿದ್ದರು. ಕಡಿದಾದ ಕಂದಕಗಳು, ಸೆಕೆ, ಸೊಳ್ಳೆ, ಮಲೇರಿಯಾ. ಮಣ್ಣು ಮೆತ್ತಗೆ, ಆದರೆ ಅಗೆದರೆ ನೆಟ್ಟಗೆ ನಿಲ್ಲುವಂಥದ್ದು. ಹಾಗಾಗಿ ಊರಿನವರು ಗುಹೆ ತೋಡಿ ಬದುಕಿದರು.

ನೆಲದ ಏರಿಳಿತವನ್ನೇ ನೋಡಬೇಕಾದರೆ ವಿಕ್ಸ್‌ಬರ್ಗ್ ಜಾಸ್ತಿ ಚೆನ್ನ. ನನ್ನ ಓಟು ಮಾತ್ರ ವರ್ಜೀನಿಯಾಕ್ಕೆ. ಒಂದೇ ಪ್ರವಾಸದಲ್ಲಿ ಕೆಸರೂ ಬೆಂಕಿಯೂ ಅರ್ಥವಾಗುತ್ತವೆ, ಅಲ್ವಾ? ವಾಷಿಂಗ್ಟನ್ ಕಡೆ ನೆಂಟರಿದ್ದರೆ ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು.