ಜಪಾನಿನ ಗೇಮ್ ಮಷೀನ್ ತಗೊಳ್ಳುವವರೇ, ಮೊದಲು ಹಿಂದಿನ ಲೇಬಲ್ ನೋಡ್ರಿ

ಹುಬ್ಬಳ್ಳಿಯಲ್ಲಿ ಯಾರಾದರೂ "ಜಪಾನಿಂದ ಬಂದ ಒರಿಜಿನಲ್ ಪೀಸ್ ರೀ" ಅಂತ ಹಳೇ ಪ್ಲೇಸ್ಟೇಷನ್ 2 ತೋರಿಸಿದರೆ ಆಟ ನೋಡ್ತಾ ನಿಲ್ಲಬೇಡಿ, ಮಷೀನ್ ತಿರುಗಿಸಿ ಲೇಬಲ್ ನೋಡಿ. ಬರೀ 100 ವೋಲ್ಟ್ ಅಂತ ಇದ್ದರೆ ನಮ್ಮ ಮನೆಯ ಪ್ಲಗ್ಗಿಗೆ ನೇರವಾಗಿ ಹಾಕುವ ಹಾಗಿಲ್ಲ. ನಮ್ಮದು 230. ಇದೊಂದು ಮಾತು ನನಗೆ ಇಂಥದ್ದೇ ಮಷೀನ್ ಮಾರಿದ ಅಂಗಡಿಯವ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ.

ತಂಗಿಯ ಮಗನಿಗೆ ಅಂತ ತಗೊಂಡದ್ದು. ದಪ್ಪನೆಯ ಹಳೇ ಮಾಡೆಲ್, ಪವರ್ ಸಪ್ಲೈ ಒಳಗೇ ಇರುತ್ತದೆ, ಹೊರಗೆ ಅಡಾಪ್ಟರ್ ಇಲ್ಲ. ಅಂಗಡಿಯಲ್ಲಿ ಹಚ್ಚಿ ತೋರಿಸಿದ, ಕಾರಿನ ಆಟ ಚಂದ ಓಡಿತು. ಚೌಕಾಸಿ ಮಾಡಿ ಏಳೂವರೆ ಸಾವಿರ ಎಣಿಸಿಕೊಟ್ಟೆ. ಕಟ್ಟಿಕೊಡುವಾಗ ಅವನೇ ಒಂದು ವೈರ್ ಸೇರಿಸಿದ. ಟೇಪ್ ರೆಕಾರ್ಡರಿಗೆ ಬರುತ್ತಿತ್ತಲ್ಲ, ಒಂದು ತುದಿ ಎಂಟರ ಆಕಾರ, ಇನ್ನೊಂದು ತುದಿ ನಮ್ಮ ಎರಡು ದುಂಡು ಪಿನ್ನು, ಅದು. "ಜಪಾನಿಂದು ಚಪ್ಪಟೆ ಪಿನ್ ಇರ್ತೈತ್ರಿ, ನಿಮ್ಮ ಮನ್ಯಾಗ ಕೂಡಂಗಿಲ್ಲ. ಅದಕ್ಕ ಇಂಡಿಯನ್ ವೈರ್ ಹಾಕೀನಿ. ಈಗ ಇದು ಇಂಡಿಯನ್ ಮಷೀನ್ ಆತು ನೋಡ್ರಿ" ಅಂದ. ನಗುತ್ತಾ ಅಂದ!

ಧಾರವಾಡ, ಸಪ್ತಾಪುರದ ತಂಗಿ ಮನೆ. ಬೀಗರೆಲ್ಲ ಕೂತಿದ್ದರು. ಹಿಂದಿನ ಸ್ವಿಚ್ ಒತ್ತಿದೆ. ಪಟ್! ಮುಂದಿನ ಕೆಂಪು ದೀಪ ಕೂಡ ಹತ್ತಲಿಲ್ಲ. "ಮಾಮಾ, ಹೊಗಿ ಬರಾಕತ್ತೈತಿ" ಅಂತ ಹುಡುಗ. ತಂಗಿಯ ಮಾವ ಮೆಲ್ಲಗೆ "ಹೊಸಾದು ತರಬೇಕಿತ್ತಪಾ" ಅಂದರು. ಮುಖ ಎಲ್ಲಿ ಇಟ್ಟುಕೊಳ್ಳಬೇಕು ಹೇಳಿ.

ಅವನಿಗೆ ಫೋನ್ ಹಚ್ಚಿದೆ. "ನಾ ಚೆಕ್ ಮಾಡೇ ಕೊಟ್ಟೀನ್ರಿ, ನಿಮ್ಮ ಎದುರಿಗೇ ನಡದೈತಿ." ನಡೆದಿತ್ತು, ಹೌದು. ಆಗ ಹೊಳೆಯಿತು ನೋಡಿ. ಅವನ ಟೇಬಲ್ ಕೆಳಗೆ ಒಂದು ಕಬ್ಬಿಣದ ಡಬ್ಬಿ ಗುಂಯ್ ಅನ್ನುತ್ತಿತ್ತು, ಮಷೀನಿನ ವೈರ್ ಅದಕ್ಕೇ ಹೋಗಿತ್ತು. ಟ್ರಾನ್ಸ್‌ಫಾರ್ಮರ್! 230 ಅನ್ನು 100ಕ್ಕೆ ಇಳಿಸುವ ಡಬ್ಬಿ. ಅಂದರೆ ಅವನಿಗೆ ಎಲ್ಲಾ ಗೊತ್ತಿತ್ತು. ತೋರಿಸುವಾಗ ಡಬ್ಬಿ, ಕೊಡುವಾಗ ಬರೀ ವೈರ್. ಕೇಳಿದರೆ ಏನಂದ ಗೊತ್ತಾ? "ಅದು ಅಂಗಡಿ ಸಾಮಾನ್ರಿ, ಮಾರಂಗಿಲ್ಲ."

ಆಮೇಲೆ ಶುರುವಾಯ್ತು. "ನಿಮ್ಮ ಏರಿಯಾದ ಕರೆಂಟ್ ಸರಿ ಇಲ್ರಿ, ಸ್ಟೆಬಿಲೈಜರ್ ಹಾಕಬೇಕಿತ್ತು." ಸ್ಟೆಬಿಲೈಜರ್ 230ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ ಮಾರಾಯಾ, 100ಕ್ಕೆ ಎಲ್ಲಿ ಇಳಿಸುತ್ತದೆ? ಅದು ನಡೆಯಲಿಲ್ಲ ಅಂದಾಗ "ಹರ್ಟ್ಸ್ ಪ್ರಾಬ್ಲಮ್ ಇರಬೇಕ್ರಿ." ಹರ್ಟ್ಸ್ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ, ನಮ್ಮದು 50. ಜಪಾನಿನಲ್ಲೇ ಟೋಕಿಯೋ ಕಡೆ 50, ಒಸಾಕಾ ಕಡೆ 60. ಮಷೀನಿನ ಲೇಬಲ್ಲಿನಲ್ಲೇ 50/60 ಅಂತ ಇದೆ. ಓದಿ ಹೇಳಿದೆ. ಫೋನ್ ಇಟ್ಟ.

ಕೊಪ್ಪಿಕರ್ ರಸ್ತೆಯ ಕಡೆ ಒಬ್ಬ ರಿಪೇರಿ ಹುಡುಗ ಬಿಚ್ಚಿ ತೋರಿಸಿದ. ಫ್ಯೂಸ್ ಹೋಗಿತ್ತು, ಕರೆಂಟ್ ಹಿಡಿದಿಡುವ ದೊಡ್ಡ ಕೆಪಾಸಿಟರ್ ತಲೆ ಉಬ್ಬಿ ಒಡೆದಿತ್ತು. ಅದರ ಮೈಮೇಲೆ 200 ವೋಲ್ಟ್ ಅಂತ ಬರೆದದ್ದು. "100 ಕೊಟ್ರ ಒಳಗ ಡಿಸಿ, ಅಂದ್ರ ಒಂದೇ ದಿಕ್ಕಿನ ಕರೆಂಟ್, ಆದಮ್ಯಾಲ 141 ಆಕತಿ ಸರ್, ಆರಾಮ ತಡಕೊಳ್ತೈತಿ. ನಮ್ಮ 230 ಕೊಟ್ರ 325ರ ಮಟ ಹೊಕ್ಕತಿ. ಒಡೀದ ಇನ್ನೇನ್ ಆಕತಿ?" ಎರಡು ನಿಮಿಷದಲ್ಲಿ ಈ ಹುಡುಗ ಹೇಳಿದ್ದನ್ನು ರೊಕ್ಕ ತಗೊಂಡವನು ಹೇಳಲಿಲ್ಲ. ಅಂದಹಾಗೆ ಜಪಾನಿನ ಪ್ಲೇಸ್ಟೇಷನ್ 2ರಲ್ಲಿ ಬೇರೆ ದೇಶದ ಡಿಸ್ಕ್ ಹಾಗೇ ಓಡುವುದಿಲ್ಲ, ಅದನ್ನೂ ನುಂಗಿಕೊಂಡಿದ್ದ.

ತಗೊಳ್ಳಲೇಬೇಕು ಅನ್ನುವವರು ಟ್ರಾನ್ಸ್‌ಫಾರ್ಮರ್ ಜೊತೆಗೇ ಕೇಳಿ. ಔಟ್‌ಪುಟ್ 100 ಇರಲಿ, 110ರದ್ದು ದಾಟಿಸಲು ಬಂದರೆ ಬೇಡ ಅನ್ನಿ. ಟ್ರಾನ್ಸ್‌ಫಾರ್ಮರಿನ ವ್ಯಾಟ್ ಮಷೀನಿನ ಲೇಬಲ್ಲಿನಲ್ಲಿ ಇರುವುದರ ದುಪ್ಪಟ್ಟು ಇದ್ದರೆ ಬಿಸಿಯಾಗುವ ಚಿಂತೆ ಇಲ್ಲ. ಪಿನ್ ಬದಲಿಸುವ ಪ್ಲಗ್ಗು ಪಿನ್ ಮಾತ್ರ ಬದಲಿಸುತ್ತದೆ, ವೋಲ್ಟ್ ಅಲ್ಲ. ನಿಂಟೆಂಡೊದ ಹಳೇ ಜಪಾನಿ ಗೇಮ್ ಮಷೀನ್ ಸೂಪರ್ ಫ್ಯಾಮಿಕಾಮ್ ಇದ್ದರೆ ಅದರ 100 ವೋಲ್ಟಿನ ಅಡಾಪ್ಟರ್ ಮುಟ್ಟಲೇಬೇಡಿ. ಮಷೀನಿಗೆ ಬೇಕಾದದ್ದು 10 ವೋಲ್ಟ್ ಡಿಸಿ, ಅದೂ ನಡುವಿನ ಪಿನ್ ಮೈನಸ್. ಸಿಕ್ಕ ಅಡಾಪ್ಟರ್ ಚುಚ್ಚಿದರೆ ಅದೂ ಹೋಗುತ್ತದೆ. ನಿಂಟೆಂಡೊ ಸ್ವಿಚ್‌ನಂಥ ಹೊಸದರ ಚಾರ್ಜರ್ ಮೇಲೆ 100-240 ಅಂತ ಇರುತ್ತದೆ, ಅದಕ್ಕೆ ಈ ರಗಳೆ ಇಲ್ಲ.

ರೊಕ್ಕ ವಾಪಸ್ ಬಂದಿಲ್ಲ. "ಅರ್ಧಾ ರೇಟಿಗೆ ಇನ್ನೊಂದು ಪೀಸ್ ಕೊಡ್ತೀನ್ರಿ" ಅಂತ ಮೊನ್ನೆ ಮೆಸೇಜ್ ಹಾಕಿದ್ದಾನೆ, ಫೋಟೋ ಸಮೇತ. ಫೋಟೋದಲ್ಲಿ ಮತ್ತೆ ಅದೇ ದುಂಡು ಪಿನ್ನಿನ ವೈರ್. ಲೇಬಲ್ಲಿನ ಫೋಟೋ ಕಳಿಸು ಅಂದೆ, ನೋಡಿದ್ದಾನೆ, ಉತ್ತರ ಇಲ್ಲ.