ಬೀಲೆಫೆಲ್ಡ್‌ನ ತ್ಸಿಫ್‌ನಲ್ಲಿ ಒಂದು ಸಂಶೋಧನಾ ವರ್ಷ: ಯಾರಿಗೆ ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ

ಸರದಿಯ ಮೇಲೆ ನೀರು ಹಾಯಿಸುವ ರೈತ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುತ್ತಾನೋ ಇಲ್ಲವೋ? ಮುಂದಿನ ಸರದಿಯವನು ಬದುವಿನ ಮೇಲೆ ನಿಂತು ಕಾಯುತ್ತಾನೋ, ಮನೆಯಲ್ಲಿ ಮಲಗುತ್ತಾನೋ? ಎಲ್ಲರೂ ಪ್ರಾಮಾಣಿಕರಾದರೆ ಕಾಯುವ ಶ್ರಮ ದಂಡ. ಯಾರೂ ಕಾಯದಿದ್ದರೆ ಕದ್ದವನಿಗೆ ಲಾಭ. ಈ ಸಿಕ್ಕನ್ನು ಗಣಿತಕ್ಕೆ ಇಳಿಸಿದ ಒಂದು ಲೇಖನ 1991ರಲ್ಲಿ ಅಚ್ಚಾಯಿತು. ಬರೆದವರು ಇಬ್ಬರು: ರಾಜ್ಯಶಾಸ್ತ್ರಜ್ಞೆ ಎಲಿನೋರ್ ಆಸ್ಟ್ರಮ್ ಮತ್ತು ಸೈದ್ಧಾಂತಿಕ ಜೀವವಿಜ್ಞಾನಿ ಫ್ರಾಂಜ್ ವೈಸಿಂಗ್. ಕೆರೆಯ ತೂಬು ಎತ್ತುವ ನೀರುಗಂಟಿಯನ್ನು ಕಂಡ ಕೋಲಾರ ಸೀಮೆಯವರಿಗೆ ಪ್ರಶ್ನೆ ಪರಿಚಿತವೇ; ನೀರುಗಂಟಿಯೇ ಇಲ್ಲದ ಕಡೆ ಕಟ್ಟುಪಾಡು ಹೇಗೆ ನಿಲ್ಲುತ್ತದೆ ಎಂಬುದು ಆ ಲೇಖನದ ವಿಷಯ. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇಂಥ ಇಬ್ಬರನ್ನು ಒಂದೇ ಮೇಜಿಗೆ ತಂದದ್ದು ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಅಂತರಶಿಸ್ತೀಯ ಸಂಶೋಧನಾ ಕೇಂದ್ರ. ಜರ್ಮನ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು ತ್ಸಿಫ್ ಎನ್ನುತ್ತಾರೆ. ಒಂದು ವರ್ಷ ಪಾಠದ ಹೊರೆ ಇಳಿಸಿ ಬೇರೆ ಶಾಸ್ತ್ರದವರ ಜೊತೆ ಕೂತು ಕೆಲಸ ಮಾಡಬೇಕೆಂಬ ಆಸೆ ಇರುವ ಅಧ್ಯಾಪಕರು, ಸಂಶೋಧಕರು ಈ ಕೇಂದ್ರವನ್ನು ಹೇಗೆ ತೂಗಿ ನೋಡಬೇಕು ಎಂಬುದಕ್ಕೆ ಈ ವಿಮರ್ಶೆ.

ತ್ಸಿಫ್ ಶುರುವಾದದ್ದು 1968ರಲ್ಲಿ, ಸಮಾಜಶಾಸ್ತ್ರಜ್ಞ ಹೆಲ್ಮುಟ್ ಶೆಲ್ಸ್ಕಿ ಅವರ ಯೋಜನೆಯಂತೆ. ವಿಶ್ವವಿದ್ಯಾಲಯದ ತರಗತಿಗಳು ತೆರೆಯುವ ಮೊದಲೇ, ಹತ್ತಿರದ ರೇಡಾ ಎಂಬ ಊರಿನ ಕೋಟೆಮನೆಯಲ್ಲಿ ಕೆಲಸ ಆರಂಭವಾಗಿತ್ತು. 1970ರ ದಶಕದ ಆರಂಭದಲ್ಲಿ ಬೀಲೆಫೆಲ್ಡ್‌ನ ಗುಡ್ಡದ ಓರೆಯಲ್ಲಿ, ಟ್ಯೂಟೊಬುರ್ಗ್ ಕಾಡಿನ ಅಂಚಿನಲ್ಲಿ, ಸ್ವಂತ ಕಟ್ಟಡಕ್ಕೆ ಬಂತು. ಸಭಾಂಗಣ, ಚರ್ಚೆಯ ಕೋಣೆಗಳು, ಕಚೇರಿಗಳು, ವಾಸದ ಮನೆಗಳು ಎಲ್ಲವೂ ಒಂದೇ ಆವರಣದಲ್ಲಿವೆ. ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್ 1978ರಿಂದ 1984ರವರೆಗೆ ಇಲ್ಲೇ ವಾಸವಿದ್ದು ಬರೆದರು. ಕೇಂದ್ರದ ಅತಿ ದೊಡ್ಡ ಗುಣ ಈ ಒಂದೇ ಆವರಣ. ಅದಕ್ಕೆ ಮುಂದೆ ಬರುತ್ತೇವೆ.

ಎರಡನೆಯ ಗುಣ, ಕೇಂದ್ರಕ್ಕೆ ತನ್ನದೇ ಆದ ಸ್ಥಿರ ಸಂಶೋಧನಾ ವಿಷಯ ಇಲ್ಲದಿರುವುದು. ವಿಷಯವನ್ನು ಅರ್ಜಿದಾರರೇ ತರಬೇಕು, ಗುಂಪನ್ನೂ ಅವರೇ ಕಟ್ಟಬೇಕು. ಬರ್ಲಿನ್‌ನ ವಿಸ್ಸೆನ್‌ಶಾಫ್ಟ್ಸ್‌ಕೊಲೆಗ್ ಎಂಬ ಉನ್ನತ ಅಧ್ಯಯನ ಸಂಸ್ಥೆ ಬೇರೆ ಬಗೆಯದು. ಬೆಂಗಳೂರಿನ ಐಐಎಸ್‌ಸಿಯ ಕಣಜ ಸಂಶೋಧಕ ರಾಘವೇಂದ್ರ ಗದಗ್ಕರ್ ಫೆಲೋ ಆಗಿದ್ದ ಆ ಸಂಸ್ಥೆಗೆ ಹೋಗುವವರು ಹೆಚ್ಚಾಗಿ ತಮ್ಮತಮ್ಮ ಕೆಲಸ ಹೊತ್ತು ಹೋಗುತ್ತಾರೆ. ಅರ್ಧ ಮುಗಿದ ಸ್ವಂತ ಪುಸ್ತಕಕ್ಕೆ ಶಾಂತ ಕೋಣೆ ಬೇಕು ಎನ್ನುವವರಿಗೆ ಅಂಥ ಜಾಗ ಸರಿ. ತ್ಸಿಫ್‌ಗೆ ಹೋಗಬೇಕಾದವರು ಒಬ್ಬರಿಂದ ಬಗೆಹರಿಯದ ಪ್ರಶ್ನೆ ಇರುವವರು.

ಹಾಗೆ ಬಗೆಹರಿಸಿದ ಎರಡು ವರ್ಷಗಳನ್ನು ನೋಡಿದರೆ ಈ ವ್ಯವಸ್ಥೆಯ ಒಳಗು ತಿಳಿಯುತ್ತದೆ.

ಮೊದಲನೆಯದು 1982–83. ಸಂಭವನೀಯತೆಯ ಕಲ್ಪನೆ 19ನೇ ಶತಮಾನದಿಂದ ಈಚೆಗೆ ವಿಜ್ಞಾನಗಳನ್ನೆಲ್ಲ ಹೇಗೆ ಬದಲಿಸಿತು ಎಂಬುದು ಪ್ರಶ್ನೆ. ತತ್ವಶಾಸ್ತ್ರಜ್ಞ ಲೊರೆಂಟ್ಸ್ ಕ್ರ್ಯೂಗರ್ ನೇತೃತ್ವ. ತತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್, ವಿಜ್ಞಾನ ಇತಿಹಾಸಕಾರ್ತಿ ಲೊರೇನ್ ಡಾಸ್ಟನ್, ಮನಃಶಾಸ್ತ್ರಜ್ಞ ಗೆರ್ಡ್ ಗಿಗರೆಂಟ್ಸರ್, ಅರ್ಥಶಾಸ್ತ್ರದ ಇತಿಹಾಸ ಬಲ್ಲ ಮೇರಿ ಮಾರ್ಗನ್ ಗುಂಪಿನಲ್ಲಿದ್ದರು. ತೊಡಕು ಪದದಲ್ಲೇ ಇದೆ. ‘ನಾಳೆ ಮಳೆ ಬರುವ ಸಂಭವ ನೂರಕ್ಕೆ ಎಪ್ಪತ್ತು’ ಎಂದಾಗ ಅದು ನಮ್ಮ ನಂಬಿಕೆಯ ಅಳತೆಯೋ, ಇಂಥ ದಿನಗಳಲ್ಲಿ ಎಷ್ಟು ಸಲ ಮಳೆ ಬಂತು ಎಂಬ ಎಣಿಕೆಯೋ? ಭೌತವಿಜ್ಞಾನಿ, ವಿಮಾ ಲೆಕ್ಕಿಗ, ಮನಃಶಾಸ್ತ್ರಜ್ಞ ಮೂವರೂ ಒಂದೇ ಪದ ಬಳಸಿ ಬೇರೆ ಬೇರೆ ಮಾತಾಡಬಲ್ಲರು. ಗುಂಪಿನ ಕೆಲಸ ಎರಡು ದಪ್ಪ ಸಂಪುಟಗಳಾಗಿ 1987ರಲ್ಲಿ ಎಂಐಟಿ ಪ್ರೆಸ್‌ನಿಂದ ಹೊರಬಂತು. ಗುಂಪಿನ ಆರು ಮಂದಿ ಸೇರಿ ಬರೆದ ಇನ್ನೊಂದು ಪುಸ್ತಕ 1989ರಲ್ಲಿ ಬಂತು.

ಎರಡನೆಯದು 1987–88ರ ಆಟದ ಸಿದ್ಧಾಂತದ ವರ್ಷ; ಒಬ್ಬರ ಫಲ ಇನ್ನೊಬ್ಬರ ನಡೆಯ ಮೇಲೂ ನಿಂತಿರುವಾಗ ಏನಾಗುತ್ತದೆ ಎಂದು ಲೆಕ್ಕ ಹಾಕುವ ಗಣಿತ ಅದು. ನೇತೃತ್ವ ರೈನ್‌ಹಾರ್ಡ್ ಸೆಲ್ಟೆನ್; ಅವರಿಗೆ 1994ರಲ್ಲಿ ಜಾನ್ ನ್ಯಾಶ್, ಜಾನ್ ಹಾರ್ಸನ್ಯಿ ಜೊತೆ ನೊಬೆಲ್ ಬಂತು. ಇಲ್ಲಿ ಕಗ್ಗಂಟಾಗಬಹುದಾದ ಪದ ‘ತಂತ್ರ’. ಅರ್ಥಶಾಸ್ತ್ರಜ್ಞನಿಗೆ ತಂತ್ರ ಎಂದರೆ ಲೆಕ್ಕ ಹಾಕಿ ಆಯ್ದ ನಡೆ, ಗಳಿಕೆ ಎಂದರೆ ಲಾಭ. ಜೀವವಿಜ್ಞಾನಿಗೆ ತಂತ್ರ ಎಂದರೆ ಹುಟ್ಟಿನಿಂದ ಬಂದ ವರ್ತನೆ, ಗಳಿಕೆ ಎಂದರೆ ಉಳಿದು ಬೆಳೆಯುವ ಸಂತಾನ. ಜೇನುನೊಣ ಯೋಚಿಸುವುದಿಲ್ಲ, ಆದರೂ ಅದರ ಮತ್ತು ಹೂವಿನ ನಡುವೆ ಸಮತೋಲ ಏರ್ಪಡುತ್ತದೆ. ಈ ಹೂವು–ನೊಣದ ಆಟವನ್ನೇ ಸೆಲ್ಟೆನ್ ಅವರು ಸಸ್ಯವಿಜ್ಞಾನಿ ಆವಿ ಶ್ಮಿಡಾ ಜೊತೆ ಬರೆದರು. ಮೇಲೆ ಹೇಳಿದ ನೀರಾವರಿ ಲೇಖನವೂ ಇದೇ ವರ್ಷದ ಫಲ. ಎಲ್ಲವೂ ಸೇರಿ ನಾಲ್ಕು ಸಂಪುಟಗಳಾದದ್ದು 1991ರಲ್ಲಿ.

ಇಸವಿಗಳನ್ನು ಗಮನಿಸಿ. ವರ್ಷ ಮುಗಿದ ಮೇಲೆ ಒಂದು ಗುಂಪಿಗೆ ನಾಲ್ಕು ವರ್ಷ, ಇನ್ನೊಂದಕ್ಕೆ ಮೂರು ವರ್ಷ ಹಿಡಿಯಿತು. ತ್ಸಿಫ್ ಬಗ್ಗೆ ಅರ್ಜಿದಾರರು ಮೊದಲು ತಿಳಿಯಬೇಕಾದ್ದು ಇದು: ವರ್ಷದೊಳಗೆ ಸಿಗುವುದು ಜಂಟಿ ಪ್ರಶ್ನೆ, ಕರಡು ಮತ್ತು ಜೊತೆಗಾರ. ಅಚ್ಚಾದ ಕೆಲಸ ಆಮೇಲೆ. ಪದೋನ್ನತಿಯ ಅಂಕಕ್ಕಾಗಿ ಹನ್ನೆರಡು ತಿಂಗಳಲ್ಲಿ ಮೂರು ಲೇಖನ ತೋರಿಸಲೇಬೇಕಾದವರು ಇಲ್ಲಿಗೆ ಬಂದರೆ ಕಷ್ಟಪಡುತ್ತಾರೆ.

ವರ್ಷವನ್ನು ಹೇಗೆ ಕಳೆಯಬೇಕು ಎಂಬುದರಲ್ಲಿ ಗುಂಪಿಗೆ ಸ್ವಾತಂತ್ರ್ಯವಿದೆ, ಹಾಗಾಗಿ ಕೆಡಿಸಿಕೊಳ್ಳುವ ಸ್ವಾತಂತ್ರ್ಯವೂ ಇದೆ. ನಮ್ಮ ಲೆಕ್ಕದಲ್ಲಿ ಎಂಟರಿಂದ ಹನ್ನೆರಡು ಜನ ಉದ್ದಕ್ಕೂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಒಬ್ಬರು ಊರಿಗೆ ಹೋದರೂ ಒಂದು ಶಾಸ್ತ್ರವೇ ಖಾಲಿ. ಹೆಚ್ಚಾದರೆ ಮಾತು ಉಪನ್ಯಾಸವಾಗುತ್ತದೆ. ಮೊದಲ ಎರಡು ತಿಂಗಳು ಪದಗಳಿಗೇ ಮೀಸಲಿಡಿ. ಮಾದರಿ, ಪುರಾವೆ, ದೋಷ, ಜನಸಂಖ್ಯೆ, ನಿಯಮ ಇಂಥ ಇಪ್ಪತ್ತು ಪದ ಪಟ್ಟಿ ಮಾಡಿ, ಪ್ರತಿ ಶಾಸ್ತ್ರದವರೂ ಅರ್ಧ ಪುಟ ಬರೆದು ತರಲಿ. ಸಂಖ್ಯಾಶಾಸ್ತ್ರಜ್ಞನಿಗೆ ‘ದೋಷ’ ತಪ್ಪಲ್ಲ, ಅಳತೆಯ ಸಹಜ ಚೆದುರುವಿಕೆ. ಅದು ಗೊತ್ತಿಲ್ಲದ ಇತಿಹಾಸಕಾರ ಮೂರು ತಿಂಗಳು ಬೇರೆಯೇ ವಾದ ಮಾಡುತ್ತಾನೆ. ಈ ಕೆಲಸ ಬೇಸರ ತರಿಸುತ್ತದೆ. ಬಿಟ್ಟರೆ ಅದರ ದಂಡ ಕೊನೆಯ ತಿಂಗಳುಗಳಲ್ಲಿ, ಜಂಟಿ ಕರಡು ಒಡೆಯುವಾಗ ಕಟ್ಟಬೇಕಾಗುತ್ತದೆ.

ವಾರಕ್ಕೆ ಎರಡು ಸಭೆ ಸಾಕು. ಒಂದು ಓದಿಗೆ: ಒಬ್ಬರು ತಮ್ಮ ಶಾಸ್ತ್ರದ ಒಂದು ಲೇಖನ ಕೊಡಬೇಕು, ಬೇರೆ ಶಾಸ್ತ್ರದವರೊಬ್ಬರು ಅದನ್ನು ವಿವರಿಸಬೇಕು. ಬರೆದವರೇ ವಿವರಿಸಿದರೆ ಎಲ್ಲರೂ ತಲೆಯಾಡಿಸಿ ಎದ್ದುಹೋಗುತ್ತಾರೆ, ಅರ್ಥವಾಗದ್ದು ಹೊರಗೆ ಬರುವುದೇ ಇಲ್ಲ. ಇನ್ನೊಂದು ಸಭೆ ಕರಡಿಗೆ. ಉಳಿದ ದಿನ ಬಾಗಿಲು ಮುಚ್ಚಿ ಕೆಲಸ. ನಾಲ್ಕನೇ ತಿಂಗಳ ಹೊತ್ತಿಗೆ ಇಬ್ಬಿಬ್ಬರ ಜೋಡಿಗಳು ತಾವಾಗೇ ಹುಟ್ಟುತ್ತವೆ. ಇಡೀ ಗುಂಪೇ ಒಂದು ಲೇಖನ ಬರೆಯಬೇಕೆಂಬ ಹಟ ಬೇಡ. ಆಟದ ಸಿದ್ಧಾಂತದ ವರ್ಷ ನಮಗೆ ಇವತ್ತೂ ನೆನಪಿರುವುದು ಜೋಡಿಗಳ ಬರಹದಿಂದ.

ಆವರಣದಲ್ಲೇ ವಾಸ ಏಕೆ ಮುಖ್ಯ ಎಂದು ಈಗ ಹೇಳಬಹುದು. ಸಭೆಯಲ್ಲಿ ಕೇಳಲು ನಾಚಿಕೆಯಾಗುವ ಪ್ರಶ್ನೆಗಳಿರುತ್ತವೆ. ‘ಈ ಸಮೀಕರಣದ ಎಡಬದಿ ಏನು?’ ಎಂದು ಪ್ರಾಧ್ಯಾಪಕಿಯೊಬ್ಬರು ಹತ್ತು ಜನರ ಮುಂದೆ ಕೇಳುವುದು ಕಡಿಮೆ. ಮೆಟ್ಟಿಲ ಬಳಿ, ಬಟ್ಟೆ ಒಗೆಯುವ ಯಂತ್ರದ ಹತ್ತಿರ, ಕಾಡಿನ ದಾರಿಯ ನಡಿಗೆಯಲ್ಲಿ ಕೇಳುತ್ತಾರೆ. ಹಿಂದೆಯೇ ಹತ್ತುವ ಗುಡ್ಡದ ಕಾಡು ಇದಕ್ಕೆಂದೇ ಇಟ್ಟಂತಿದೆ. ಊರಿನ ನಡುವೆ ಬೇರೆ ಮನೆ ಹಿಡಿದು ಸಭೆಗಷ್ಟೇ ಬರುವವರು ಈ ವರ್ಷದ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ವಸತಿಯ ವಿಷಯವನ್ನು ಆಯ್ಕೆಯಾದ ಕೂಡಲೇ ಕೇಳಿ. ಮಕ್ಕಳಿದ್ದರೆ ಮನೆಯ ಅಳತೆ, ಶಾಲೆಯ ವ್ಯವಸ್ಥೆ ಎರಡನ್ನೂ ಅದೇ ಪತ್ರದಲ್ಲಿ ಬರೆಯಿರಿ.

ಕೈಕೊಡುವ ಕಡೆಗಳೂ ಇವೆ. ಹೆಸರಾಂತರನ್ನು ಆರು ವಾರಕ್ಕೆ ಕರೆಸಿ ಪಟ್ಟಿ ತುಂಬಿಸುವುದು ಮೊದಲನೆಯದು. ಅವರು ಬಂದಾಗಲೆಲ್ಲ ಗುಂಪು ಮೊದಲಿನಿಂದ ತನ್ನನ್ನು ಪರಿಚಯಿಸಿಕೊಳ್ಳಬೇಕು, ಕೆಲಸ ಹಿಂದಕ್ಕೆ ಹೋಗುತ್ತದೆ. ಅಂಥವರನ್ನು ಕೆಲವು ದಿನಗಳ ಕಾರ್ಯಾಗಾರಕ್ಕೆ ಕರೆಯಿರಿ. ಎರಡನೆಯದು ಸಂಚಾಲಕರ ಪಾಡು. ಕಾರ್ಯಾಗಾರಗಳ ಪಟ್ಟಿ, ಅತಿಥಿಗಳ ಪ್ರಯಾಣ, ವರದಿ, ಜಗಳ ಬಿಡಿಸುವುದು ಎಲ್ಲ ಅವರ ತಲೆಗೆ. ಕೇಂದ್ರದ ಸಿಬ್ಬಂದಿ ಏರ್ಪಾಟಿನ ಹೊರೆ ಹೊರುತ್ತಾರೆ, ಆದರೆ ಯಾರನ್ನು ಕರೆಯಬೇಕು, ಏನು ಓದಬೇಕು ಎಂಬ ತೀರ್ಮಾನವನ್ನು ಅವರು ಮಾಡಲಾರರು. ಒಬ್ಬರೇ ಸಂಚಾಲಕರಾಗುವ ಸಾಹಸ ಬೇಡ. ಬೇರೆ ಬೇರೆ ಶಾಸ್ತ್ರದ ಇಬ್ಬರು ಅಥವಾ ಮೂವರು ಇರಲಿ.

ಮೂರನೆಯದು ಲೇಖಕರ ಹೆಸರಿನ ಕ್ರಮ. ಅರ್ಥಶಾಸ್ತ್ರದಲ್ಲಿ ಅಕಾರಾದಿ ರೂಢಿ ಬಲವಾಗಿದೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ದುಡಿದವರದು, ಕೊನೆಯದು ಹಿರಿಯರದು. ಇತಿಹಾಸ, ತತ್ವಶಾಸ್ತ್ರದಲ್ಲಿ ಒಬ್ಬರೇ ಬರೆಯುವುದು ವಾಡಿಕೆ, ಹತ್ತನೇ ಹೆಸರಾದರೆ ಅವರ ಸ್ವಂತ ಸಂಸ್ಥೆಯ ಸಮಿತಿ ಅದನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಮೊದಲ ತಿಂಗಳಲ್ಲೇ ಒಂದು ಪುಟದ ಒಪ್ಪಂದ ಬರೆದಿಡಿ: ಹೆಸರಿನ ಕ್ರಮ, ದತ್ತಾಂಶ ಯಾರ ಬಳಿ, ಗುಂಪು ಬಿಟ್ಟವರು ಅದನ್ನು ಬಳಸಬಹುದೇ. ಕಿರಿಯ ಸಂಶೋಧಕರಿಗೆ ಇದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ತಡವಾಗಿ ಅಚ್ಚಾಗುವ ಸಂಪುಟದ ನಷ್ಟ ಅವರಿಗೇ ಹೆಚ್ಚು.

ಅರ್ಜಿಯ ಬಗ್ಗೆ. ನೇರವಾಗಿ ದೊಡ್ಡ ಗುಂಪಿಗೆ ಅರ್ಜಿ ಹಾಕುವ ಬದಲು, ಮೊದಲು ಎರಡರಿಂದ ಐದು ದಿನದ ಕಾರ್ಯಾಗಾರಕ್ಕೆ ಹಾಕುವುದು ಜಾಣತನ. ಯಾರ ಜೊತೆ ಒಂದು ವರ್ಷ ಊಟ ಮಾಡಬಹುದು ಎಂಬುದು ಮೂರು ದಿನದಲ್ಲಿ ಗೊತ್ತಾಗುತ್ತದೆ. ಪ್ರಸ್ತಾವದಲ್ಲಿ ‘ವಿವಿಧ ದೃಷ್ಟಿಕೋನಗಳು’ ಎಂದು ಬರೆದು ಬಿಡಬೇಡಿ. ಒಂದು ಶಾಸ್ತ್ರ ಎಲ್ಲಿ ನಿಂತುಹೋಗಿದೆ, ಇನ್ನೊಂದು ಅಲ್ಲಿಂದ ಏನನ್ನು ಎತ್ತಿಕೊಳ್ಳುತ್ತದೆ ಎಂದು ಒಂದು ಉದಾಹರಣೆಯಲ್ಲಿ ತೋರಿಸಿ. ನೀರಿನ ಸರದಿಯ ಉದಾಹರಣೆಯಲ್ಲಿ ಕ್ಷೇತ್ರಕಾರ್ಯಕ್ಕೆ ಕಟ್ಟುಪಾಡುಗಳು ಗೊತ್ತಿದ್ದವು, ಅವು ಏಕೆ ನಿಲ್ಲುತ್ತವೆ ಎಂಬ ಲೆಕ್ಕ ಬೇಕಿತ್ತು; ಗಣಿತಕ್ಕೆ ಲೆಕ್ಕ ಗೊತ್ತಿತ್ತು, ನಿಜವಾದ ಆಟ ಬೇಕಿತ್ತು. ಇಷ್ಟು ಸ್ಪಷ್ಟವಾಗಿ ಹೇಳಲಾಗದಿದ್ದರೆ ವಿಷಯ ಇನ್ನೂ ಹಣ್ಣಾಗಿಲ್ಲ. ಹಣದ ವಿಷಯದಲ್ಲಿ ವಸತಿ, ಪ್ರಯಾಣ, ಭತ್ಯೆ, ನಿಮ್ಮ ಬದಲು ಪಾಠ ಮಾಡುವವರ ವೆಚ್ಚ, ಇವುಗಳಲ್ಲಿ ಕೇಂದ್ರ ಕೊಡುವುದು ಯಾವುದು, ನಿಮ್ಮ ಸಂಸ್ಥೆ ಕೊಡುವುದು ಯಾವುದು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

ಕರ್ನಾಟಕದಿಂದ ಹೋಗುವವರಿಗೆ ಕೆಲವು ಮಾತು. ಯುಜಿಸಿಯ 2018ರ ನಿಯಮದಂತೆ ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲಿ ಏಳು ವರ್ಷ ಪೂರೈಸಿದ ಕಾಯಂ ಅಧ್ಯಾಪಕರಿಗೆ ಸಬ್ಯಾಟಿಕಲ್ ರಜೆ ಸಿಗಬಹುದು. ಒಂದು ಸಲಕ್ಕೆ ಒಂದು ವರ್ಷ, ಇಡೀ ವೃತ್ತಿಯಲ್ಲಿ ಎರಡು ವರ್ಷ ಮೀರುವಂತಿಲ್ಲ. ಜರ್ಮನಿಯ ಶೈಕ್ಷಣಿಕ ವರ್ಷ ಅಕ್ಟೋಬರ್‌ನಲ್ಲಿ ತೆರೆಯುತ್ತದೆ, ನಮ್ಮ ಸೆಮಿಸ್ಟರ್‌ಗೆ ಅದು ನಡುವೆ ಬೀಳುತ್ತದೆ. ಹಾಗಾಗಿ ಬದಲಿ ಅಧ್ಯಾಪಕರ ಏರ್ಪಾಟನ್ನು ಜೂನ್‌ಗೆ ಮೊದಲೇ ಮುಗಿಸಿ. ಮೂರು ತಿಂಗಳಿಗಿಂತ ಹೆಚ್ಚಿನ ವಾಸಕ್ಕೆ ರಾಷ್ಟ್ರೀಯ ವೀಸಾ ಬೇಕು. ಜರ್ಮನ್ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ. ಆಹ್ವಾನಪತ್ರದಲ್ಲಿ ಆರಂಭ ಮತ್ತು ಕೊನೆಯ ದಿನಾಂಕ, ಆದಾಯದ ಮೂಲ, ಆರೋಗ್ಯ ವಿಮೆ ಮೂರೂ ಒಂದಕ್ಕೊಂದು ಹೊಂದಬೇಕು. ಒಂದು ದಾಖಲೆಯಲ್ಲಿ ಹತ್ತು ತಿಂಗಳು, ಇನ್ನೊಂದರಲ್ಲಿ ಹನ್ನೆರಡು ಎಂದಿದ್ದರೆ ಅರ್ಜಿ ಅಲ್ಲೇ ತಡೆಯುತ್ತದೆ.

ಹೋದ ಮೇಲೆ ಎರಡು ವಾರದೊಳಗೆ ನಗರದ ನೋಂದಣಿ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು, ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಆ ನೋಂದಣಿ ಚೀಟಿಯನ್ನು ಮುಂದೆ ಬ್ಯಾಂಕಿನವರೂ ವಾಸದ ಪರವಾನಗಿಯ ಕಚೇರಿಯವರೂ ಕೇಳುತ್ತಾರೆ. ಪ್ರತಿ ಮನೆಗೂ ತಿಂಗಳಿಗೆ 18.36 ಯೂರೊ ರೇಡಿಯೊ–ಟಿವಿ ಪ್ರಸಾರ ಶುಲ್ಕ ಇದೆ. ಅತಿಥಿ ಮನೆಯಲ್ಲಿ ಅದನ್ನು ಯಾರು ಕಟ್ಟುತ್ತಾರೆ ಎಂದು ಮೊದಲೇ ಕೇಳಿ. ರೈಲು ನಿಲ್ದಾಣದಿಂದ ವಿಶ್ವವಿದ್ಯಾಲಯಕ್ಕೆ ನಾಲ್ಕನೇ ನಂಬರಿನ ಟ್ರಾಮ್, ಅಲ್ಲಿಂದ ಕೇಂದ್ರಕ್ಕೆ ಏರುದಾರಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟೂವರೆಗೆ, ಕತ್ತಲು ನಾಲ್ಕು ಕಾಲಿಗೆ. ಇದನ್ನು ಸಣ್ಣ ವಿಷಯ ಎಂದು ತಳ್ಳಬೇಡಿ: ನಮ್ಮ ಬಿಸಿಲಿಗೆ ಒಗ್ಗಿದವರ ಉತ್ಸಾಹ ಕುಗ್ಗುವುದೂ, ಗುಂಪಿನ ಮೊದಲ ದೊಡ್ಡ ಭಿನ್ನಾಭಿಪ್ರಾಯ ಬರುವುದೂ ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ. ಮಧ್ಯಾಹ್ನ ಊಟದ ಮೇಲೆ, ಬೆಳಕಿರುವಾಗಲೇ ಕಾಡಿನ ನಡಿಗೆ ಇಟ್ಟುಕೊಳ್ಳಿ. ಊರಿನ ವಿದ್ಯಾರ್ಥಿಗಳ ಜೊತೆ ಆನ್‌ಲೈನ್ ಸಭೆಗೆ ಜರ್ಮನಿಯ ಬೆಳಿಗ್ಗೆ ಹತ್ತು ಒಳ್ಳೆಯ ಹೊತ್ತು. ಚಳಿಗಾಲದಲ್ಲಿ ನಮ್ಮ ಊರಿಗೆ ಅದು ಮಧ್ಯಾಹ್ನ ಎರಡೂವರೆ, ಬೇಸಿಗೆಯಲ್ಲಿ ಒಂದೂವರೆ.

ನಮ್ಮ ಅಂಕ ಹೀಗಿದೆ: ಜೊತೆಗಾರರು ಸಿದ್ಧವಿರುವ, ಪ್ರಶ್ನೆ ಹಣ್ಣಾಗಿರುವ ಗುಂಪಿಗೆ ಐದಕ್ಕೆ ಐದು. ಒಬ್ಬರೇ ಬರೆಯಲು ಹೋಗುವವರಿಗೆ ಎರಡು. ಪಿಎಚ್‌ಡಿ ಮುಗಿಸಿ ಕಾಯಂ ಕೆಲಸ ಹುಡುಕುತ್ತಿರುವವರಿಗೆ ಮೂರು, ಅದೂ ಮೊದಲ ತಿಂಗಳಲ್ಲೇ ಒಪ್ಪಂದದ ಪುಟಕ್ಕೆ ಸಹಿ ಬಿದ್ದಿದ್ದರೆ. ಹೊರಡುವ ಮುನ್ನ ಮುಂದಿನ ಬೇಸಿಗೆಗೆ ಗುಂಪು ಮತ್ತೆ ಒಂದು ವಾರ ಸೇರುವ ದಿನಾಂಕ ಗೊತ್ತುಮಾಡಿ, ಯಾವ ಅಧ್ಯಾಯ ಯಾರದು ಎಂದು ಬರೆದುಕೊಂಡೇ ಕೋಣೆಯ ಕೀಲಿ ಒಪ್ಪಿಸಿ.