ಒಂದು ಬೈನಾಕ್ಯುಲರ್, ನಾಲ್ಕು ಜೊತೆ ಕಣ್ಣು: ಜೋಗಿಮಟ್ಟಿ ಮತ್ತು ಕೆಮ್ಮಣ್ಣುಗುಂಡಿಯಲ್ಲಿ 8×42 ಬಳಸಿ ನೋಡಿದ್ದು

ದಸರಾ ರಜೆಯಲ್ಲಿ ಮೂರು ದಿನ ಬೆಟ್ಟ ಸುತ್ತಿ ಹಕ್ಕಿ ನೋಡಬೇಕೆಂದು ಮನೆಯಲ್ಲಿ ತೀರ್ಮಾನವಾದ ಮೇಲೆ, ಹನ್ನೆರಡು ಸಾವಿರ ರೂಪಾಯಿ ಕೊಟ್ಟು 8×42 ಅಳತೆಯ ಬೈನಾಕ್ಯುಲರ್ ಒಂದನ್ನು ಕೊಂಡೆ. ದಾವಣಗೆರೆಯಿಂದ ಹೊರಟು ಮೊದಲ ದಿನ ಚಿತ್ರದುರ್ಗದ ಜೋಗಿಮಟ್ಟಿ, ಮುಂದಿನ ಎರಡು ದಿನ ಕೆಮ್ಮಣ್ಣುಗುಂಡಿ ನೋಡಿ ಬಂದೆವು. ಅದಾದ ಮೇಲೂ ಕೆಲವು ಭಾನುವಾರ ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಅದನ್ನು ಬಳಸಿ, ಈಗ ಅದರ ಗುಣದೋಷಗಳನ್ನು ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕೊಳ್ಳುವ ಮುನ್ನ ನಾನು ಕೈಯಲ್ಲಿ ಹಿಡಿದು ನೋಡಿದ ಇದೇ ಬೆಲೆಯ ಮೂರು ಮಾದರಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಳತೆ ಗೊತ್ತಿದ್ದರೆ ಆಯ್ಕೆಯ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು ವಿಚಾರಿಸಿದ್ದು ಊರಿನ ಅಂಗಡಿಯೊಂದರಲ್ಲಿ. ಅಲ್ಲಿ ಇದ್ದದ್ದು 20×50. 'ಇದ್ರಾಗೆ ಚಂದ್ರನ ಮ್ಯಾಲಿನ ಗುಂಡಿನೂ ಕಾಣ್ತಾವೆ ಸಾರ್' ಎಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಕಟ್ಟೆಯ ಮೇಲೆ ಊರಿ ಹಿಡಿದರೆ ಕಾಣುತ್ತವೆ. ಆದರೆ ಹಕ್ಕಿ ಚಂದ್ರನಂತೆ ಒಂದೆಡೆ ನಿಲ್ಲುವುದಿಲ್ಲ. ಮೊದಲನೆಯ ಅಂಕಿ ದೃಶ್ಯವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು ಹೇಳುತ್ತದೆ, ಎರಡನೆಯದು ಮುಂದಿನ ಗಾಜಿನ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ, ಏರು ಹತ್ತಿ ಏದುಸಿರು ಬಿಡುತ್ತಿರುವವನಿಗಂತೂ ಕೊಂಬೆಗಳೆಲ್ಲ ಕುಣಿಯುತ್ತಿರುವಂತೆ ಕಾಣುತ್ತದೆ. ಇನ್ನೊಂದು ಲೆಕ್ಕವೂ ಇದೆ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 20×50ರಲ್ಲಿ ಅದು ಎರಡೂವರೆ ಮಿ.ಮೀ., 10×42ರಲ್ಲಿ 4.2, 8×42ರಲ್ಲಿ 5.25. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಇದರಿಂದ ವ್ಯತ್ಯಾಸವಾಗದು, ಏಕೆಂದರೆ ಆಗ ನಮ್ಮ ಪಾಪೆಯೇ ಕುಗ್ಗಿರುತ್ತದೆ. ಹಕ್ಕಿಗಳು ಚುರುಕಾಗಿರುವ ಬೆಳಗಿನ ಮಬ್ಬಿನಲ್ಲಿ ಮತ್ತು ಸಂಜೆಯ ಹೊತ್ತಿನಲ್ಲಿ ಪಾಪೆ ಹಿಗ್ಗಿರುವುದರಿಂದ ಈ ಲೆಕ್ಕ ಕೆಲಸಕ್ಕೆ ಬರುತ್ತದೆ.

ಜೋಗಿಮಟ್ಟಿ ಚಿತ್ರದುರ್ಗ ಪಟ್ಟಣದಿಂದ ಸುಮಾರು ಹತ್ತು ಕಿ.ಮೀ., ತುದಿಯ ಎತ್ತರ 3,803 ಅಡಿ. ಮಧ್ಯ ಕರ್ನಾಟಕದ ಊಟಿ ಎಂದು ಪತ್ರಿಕೆಗಳು ಅದನ್ನು ಕರೆಯುವುದನ್ನು ಓದಿ ಹೋದವರಿಗೆ ಸ್ವಲ್ಪ ನಿರಾಸೆಯಾದೀತು. ಅದು ಬಂಡೆ, ಕುರುಚಲು ಮತ್ತು ಎಲೆ ಉದುರುವ ಮರಗಳ ಒಣ ಬೆಟ್ಟ, ಎದುರಿನ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳ ಸಾಲು. ಆದರೆ ಹಕ್ಕಿ ನೋಡುವವರು ಹುಡುಕಿಕೊಂಡು ಬರುವುದು ಈ ಬಂಡೆ ಮತ್ತು ಕುರುಚಲನ್ನೇ, ಏಕೆಂದರೆ ಹಳದಿ ಕೊರಳಿನ ಪಿಕಳಾರಕ್ಕೆ ಬೇಕಾದದ್ದು ಇಂಥದೇ ನೆಲೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಈ ಹಕ್ಕಿ ಅಪಾಯದಂಚಿನಲ್ಲಿರುವವುಗಳ ಪಟ್ಟಿಯಲ್ಲಿದೆ, ಜೊತೆಗೆ ನಾಚಿಕೆಯ ಸ್ವಭಾವದ್ದು. ಮನೆಯ ಹಿತ್ತಲಿಗೆ ಬರುವ ಕೆಂಪು ಕಿಬ್ಬೊಟ್ಟೆಯ ಪಿಕಳಾರದಂತೆ ತಂತಿಯ ಮೇಲೆ ಕುಳಿತು ಮುಖ ತೋರಿಸುವುದಿಲ್ಲ.

ನಮಗೆ ಅದು ಸಿಕ್ಕಿದ್ದು ಏಳೂವರೆಯ ಹೊತ್ತಿಗೆ, ದಾರಿಯ ಎಡಕ್ಕಿದ್ದ ಎರಡು ಬಂಡೆಗಳ ನಡುವಿನ ಪೊದೆಯಲ್ಲಿ. ಜೊತೆಗೆ ಬಂದಿದ್ದ ಅರಣ್ಯ ಇಲಾಖೆಯ ವಾಚರ್ ಮಾತಾಡದೆ ಗಲ್ಲದಿಂದಲೇ ದಿಕ್ಕು ತೋರಿಸಿದರು. ನಮ್ಮ ಬೈನಾಕ್ಯುಲರಿನಲ್ಲಿ ಸಾವಿರ ಮೀಟರ್ ದೂರಕ್ಕೆ 129 ಮೀಟರ್ ಅಗಲದ ನೋಟ ಸಿಗುತ್ತದೆ. ಇದರ ಬೆಲೆ ತಿಳಿದದ್ದು ಆ ಗಳಿಗೆಯಲ್ಲಿ: ಗಾಜು ಕಣ್ಣಿಗೇರಿಸಿದಾಗ ಇಡೀ ಪೊದೆ ಮತ್ತು ಎರಡೂ ಬಂಡೆಗಳ ಅಂಚು ಒಂದೇ ವೃತ್ತದೊಳಗಿದ್ದವು, ಅಲುಗಿದ ಎಲೆಯನ್ನು ಹಿಡಿದು ಹಕ್ಕಿಯನ್ನು ತಲುಪಲು ಎರಡು ಕ್ಷಣ ಸಾಕಾಯಿತು. ತಲೆ ಮತ್ತು ಕೊರಳು ಅರಿಶಿನದ ಹಳದಿ, ಎದೆ ಬೂದು, ಬಾಲದ ಬುಡದಲ್ಲೂ ತುದಿಯಲ್ಲೂ ಮತ್ತೆ ಹಳದಿ. ಅಲ್ಲೇ ಇದ್ದ ಇನ್ನೊಬ್ಬ ವೀಕ್ಷಕರ 10×42ರಲ್ಲಿ ಅದೇ ಪೊದೆಯನ್ನು ನೋಡಿದೆ. ಎಲೆಯ ನರಗಳು ಇನ್ನಷ್ಟು ಚೆನ್ನಾಗಿ ಕಂಡವು, ಆದರೆ ಯಾವ ಎಲೆ ಎಂದು ಹುಡುಕುವುದರಲ್ಲಿ ಹಕ್ಕಿ ಹಾರಿತ್ತು. ಪಳಗಿದ ಕೈಗೆ ಹತ್ತು ಪಟ್ಟು ಸರಿ, ಹೆಂಡತಿ ಮಕ್ಕಳೊಂದಿಗೆ ಹೋಗುವವರಿಗೆ ಎಂಟೇ ಸರಿ ಎಂಬುದು ನನ್ನ ಅಭಿಪ್ರಾಯ.

ಕುಟುಂಬದ ಬಳಕೆಯಲ್ಲಿ ಇನ್ನೊಂದು ತೊಡಕಿದೆ, ಅದನ್ನು ಮಾರುವವರು ಯಾರೂ ಹೇಳುವುದಿಲ್ಲ. ನಾಲ್ವರ ಕಣ್ಣೂ ಬೇರೆ. ನನಗೆ ಕನ್ನಡಕವಿದೆ, ಹಾಗಾಗಿ ಕಣ್ಣಿನ ಬಟ್ಟಲುಗಳನ್ನು ತಿರುಗಿಸಿ ಒಳಗೆ ಇಳಿಸಬೇಕು. ಮನೆಯವರಿಗೆ ಕನ್ನಡಕವಿಲ್ಲ, ಅವರಿಗೆ ಅವು ಮೇಲಕ್ಕೆದ್ದಿರಬೇಕು. ಬಲಗಣ್ಣಿನ ಬಳೆಯ ಹೊಂದಾಣಿಕೆಯೂ ಒಬ್ಬೊಬ್ಬರಿಗೆ ಒಂದೊಂದು. ಬಲಗಾಜನ್ನು ಮುಚ್ಚಿ ಎಡಗಣ್ಣಿನಿಂದ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಂಡು, ಆಮೇಲೆ ಎಡಗಾಜನ್ನು ಮುಚ್ಚಿ ಬಲಗಣ್ಣಿಗೆ ಈ ಬಳೆಯನ್ನು ಮಾತ್ರ ತಿರುಗಿಸಬೇಕು. ಒಮ್ಮೆ ಕೂಡಿಸಿಟ್ಟರೆ ಒಬ್ಬರಿಗೆ ವರ್ಷವಿಡೀ ನಡೆಯುತ್ತದೆ, ಕೈ ಬದಲಾದಾಗಲೆಲ್ಲ ಕೆಡುತ್ತದೆ. ಬಲಬಳೆಯಲ್ಲಿ ನನ್ನ ಜಾಗ, ಅವರ ಜಾಗ, ಮಗನ ಜಾಗ ಎಂದು ಉಗುರುಬಣ್ಣದಿಂದ ಮೂರು ಚುಕ್ಕೆ ಇಟ್ಟದ್ದು ಮನೆಯವರ ಉಪಾಯ, ಈ ಮೂರು ದಿನಗಳಲ್ಲಿ ನಮಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ.

ಏಳು ವರ್ಷದ ಮಗಳಿಗೆ ಆ ಚುಕ್ಕೆಗಳೂ ಪ್ರಯೋಜನಕ್ಕೆ ಬರಲಿಲ್ಲ. ಕತ್ತಿನಲ್ಲಿ ಬೈನಾಕ್ಯುಲರ್ ಹೊತ್ತು, ತೂಕಕ್ಕೆ ಬಾಗಿ, ಬಹಳ ಹೊತ್ತು ನೋಡಿ, 'ಅಪ್ಪಾಜಿ, ಎರಡು ರೌಂಡ್ ಕಾಣ್ತಾವೆ, ಹಕ್ಕಿ ಯಾವುದ್ರಾಗೂ ಇಲ್ಲ' ಎಂದಳು. ಅವಳದು ಹಟ ಎಂದುಕೊಂಡಿದ್ದೆ. ಡಬ್ಬಿಯ ಮೇಲಿನ ಅಳತೆಗಳನ್ನು ಸಂಜೆ ಓದಿದಾಗ ಕಾರಣ ತಿಳಿಯಿತು: ಎರಡು ಕೊಳವೆಗಳನ್ನು ಎಷ್ಟು ಮಡಿಸಿದರೂ ಕಣ್ಣುಗಳ ನಡುವಿನ ಅಂತರ 56 ಮಿ.ಮೀ.ಗಿಂತ ಕೆಳಗೆ ಬರುವುದಿಲ್ಲ, ಚಿಕ್ಕ ಮಕ್ಕಳ ಪಾಪೆಗಳ ನಡುವಿನ ಅಂತರ ಅದಕ್ಕಿಂತ ಕಡಿಮೆ. ಮರುದಿನ ಒಂದೇ ಕೊಳವೆಯಿಂದ, ಒಂದೇ ಕಣ್ಣಿನಿಂದ ನೋಡಲು ಹೇಳಿಕೊಟ್ಟೆ. ಬೇಲಿಯ ಮೇಲಿದ್ದ ಮಡಿವಾಳ ಹಕ್ಕಿ ಬಾಲ ಎತ್ತಿ ಇಳಿಸುವುದನ್ನು ಅವಳು ಎಣಿಸಿದಳು, ಹನ್ನೊಂದು ಸಲವಂತೆ.

ಹೊಳಲ್ಕೆರೆ, ಹೊಸದುರ್ಗ, ಅಜ್ಜಂಪುರದ ಮೇಲೆ ತರೀಕೆರೆಗೆ ಬಂದು ಕೆಮ್ಮಣ್ಣುಗುಂಡಿ ಹತ್ತಿದಾಗ ಪ್ರಪಂಚವೇ ಬದಲಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿದ್ದ ಈ ಜಾಗ 1,400 ಮೀಟರಿಗೂ ಮೇಲಿದೆ. ಮಳೆ ನಿಂತಿದ್ದರೂ ಮೋಡ ನೆಲದ ಮೇಲೇ ಇತ್ತು. ಸಾರಜನಕ ತುಂಬಿ ಮುಚ್ಚಿದ ಕೊಳವೆ, ಒಳಗೆ ಹಬೆ ಕಟ್ಟುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು, ಅದು ನಿಜವೇ: ಒಳಗಾಜು ಒಮ್ಮೆಯೂ ಮಸುಕಾಗಲಿಲ್ಲ. ಹೊರಗಾಜಿಗೆ ಮಾತ್ರ ಆ ಭರವಸೆ ಅನ್ವಯಿಸುವುದಿಲ್ಲ. ತಣ್ಣನೆಯ ಗಾಳಿಯಿಂದ ಬೆಚ್ಚಗಿನ ಕೋಣೆಗೆ ಬಂದಾಗಲೆಲ್ಲ, ತಣ್ಣಗಾದ ಗಾಜಿಗೆ ನನ್ನ ಉಸಿರು ತಾಗಿದಾಗಲೆಲ್ಲ ಅದು ಮಂಜಾಗುತ್ತಿತ್ತು. ಝಡ್ ಪಾಯಿಂಟಿನ ಕಾಲುದಾರಿಯಲ್ಲಿ ಒಂದು ಕೈಯಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಜಿಗಣೆ ಕೀಳಲು ಉಪ್ಪಿನ ಪುಡಿ ಹಿಡಿದು ನಡೆದೆ.

ಗಾಜಿನ ನಿಜವಾದ ಪರೀಕ್ಷೆ ನಡೆದದ್ದು ಅದೇ ದಾರಿಯ ಒಂದು ಝರಿಯ ಬಳಿ, ಬೆಳಕು ಇಳಿಯುವ ಹೊತ್ತಿನಲ್ಲಿ. ನೀರಿನ ನಡುವಿನ ಕಲ್ಲಿನ ಮೇಲೆ ಮೈನಾಕ್ಕಿಂತ ತುಸು ದೊಡ್ಡದಾದ ಕಪ್ಪು ಹಕ್ಕಿ ಕುಳಿತಿತ್ತು. ಬರಿಗಣ್ಣಿಗೆ ಅದು ಕಪ್ಪೇ. ಬೈನಾಕ್ಯುಲರಿನಲ್ಲಿ ಹಣೆಯ ಮೇಲೊಂದು ಪಟ್ಟಿ, ಹೆಗಲ ಮೇಲೊಂದು ಮಚ್ಚೆ ಹೊಳೆಯುವ ಕಡುನೀಲಿಯಾಗಿ ಬಂದಾಗ ಅದು ಸರಳೆ ಸಿಳ್ಳಾರವೆಂದು ಖಚಿತವಾಯಿತು. ಆ ಅರೆಗತ್ತಲಲ್ಲಿ ನೀಲಿಯನ್ನು ಕಪ್ಪಿನಿಂದ ಬೇರ್ಪಡಿಸಿ ತೋರಿಸಿದ್ದು ಈ ಬೆಲೆಗೆ ಸಣ್ಣ ಸಾಧನೆಯಲ್ಲ. ದೋಷವೂ ಕಾಣಿಸಿತು: ಬಿಳಿ ಆಕಾಶದ ಎದುರಿಗಿದ್ದ ಒಣ ಕೊಂಬೆಯ ಒಂದಂಚಿಗೆ ನೇರಳೆ, ಇನ್ನೊಂದಂಚಿಗೆ ಹಸಿರು ಗೆರೆ ಕಟ್ಟುತ್ತಿತ್ತು, ವೃತ್ತದ ಅಂಚಿನಲ್ಲಿ ದೃಶ್ಯ ಸ್ವಲ್ಪ ಮೆತ್ತಗಾಗುತ್ತಿತ್ತು. ನಡುವೆ ನೋಡುವವನಿಗೆ ಅದು ಬಾಧಕವಲ್ಲ.

ಇನ್ನು ದೂರುಗಳು. ಮುಂದಿನ ಗಾಜಿನ ರಬ್ಬರ್ ಮುಚ್ಚಳ ತೀರಾ ಸಡಿಲ. ಒಂದು ಜೋಗಿಮಟ್ಟಿಯ ಲಂಟಾನದಲ್ಲಿ ಕಳೆದುಹೋಯಿತು. ಬೇರೆ ಕಳಿಸಿಕೊಡಿ ಎಂದು ಮಾರಿದವರಿಗೆ ಮೂರು ಸಲ ಕೇಳಿದೆ, ಬಿಡಿಭಾಗ ಕೊಡುವುದಿಲ್ಲವಂತೆ. ಕತ್ತಿನ ಪಟ್ಟಿ ನಿರುಪಯೋಗಿ. 680 ಗ್ರಾಂ ತೂಕ ಓದುವಾಗ ಹಗುರ, ಆರು ಕಿ.ಮೀ. ನಡೆದ ಮೇಲೆ ಕತ್ತು ಹೇಳುವುದೇ ಬೇರೆ. ಎರಡೂ ಹೆಗಲಿಗೆ ಬೀಳುವ ಎಲಾಸ್ಟಿಕ್ ಪಟ್ಟಿಯನ್ನು ಬೇರೆಯಾಗಿ ಕೊಳ್ಳುವುದು ಒಳ್ಳೆಯದು. ಮೂರನೆಯ ಅನಾಹುತಕ್ಕೆ ಕಂಪನಿ ಹೊಣೆಯಲ್ಲ. ನಮ್ಮ ಊರಿನವರ ಬುತ್ತಿ ಎಂದರೆ ಮಂಡಕ್ಕಿ, ಮೆಣಸಿನಕಾಯಿ. ಬಜ್ಜಿಯ ಎಣ್ಣೆ ಹತ್ತಿದ ಮಗನ ಹೆಬ್ಬೆರಳು ಕಣ್ಣಿನ ಗಾಜಿನ ಮೇಲೆ ಅಚ್ಚಾಯಿತು. ಅಂಗಿಯ ತುದಿಯಿಂದ ಉಜ್ಜಲು ಹೊರಟವನನ್ನು ತಡೆದದ್ದು ಒಳ್ಳೆಯದಾಯಿತು, ಧೂಳಿನ ಕಣ ಸೇರಿ ಉಜ್ಜಿದರೆ ಗಾಜಿನ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಊದುಬುರುಡೆಯಿಂದ ಧೂಳು ಹಾರಿಸಿ, ಆಮೇಲೆ ಗಾಜಿನ ದ್ರಾವಣ ಒಂದು ಹನಿ ಹಾಕಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಮಲೆನಾಡಿನಿಂದ ಬಂದ ಮೇಲೆ ಒದ್ದೆ ಚೀಲದಲ್ಲಿ ಹಾಗೇ ಇಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ನಾನು ಅಡುಗೆಮನೆಯ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಸಮೇತ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ, ಮನೆಯಲ್ಲಿ ಅದರ ಬಗ್ಗೆ ತಕರಾರು ಇನ್ನೂ ಮುಗಿದಿಲ್ಲ.

ಹಾಗಾದರೆ ಕೊಳ್ಳಬಹುದೇ ಎಂದರೆ, ದೊಡ್ಡವರಿಬ್ಬರ ಬಳಕೆಗೆ ಖಂಡಿತ ಕೊಳ್ಳಬಹುದು, ಹತ್ತು ಸಾವಿರಕ್ಕೆ ಸಿಕ್ಕರೆ ಚೌಕಾಸಿಯನ್ನೂ ಮಾಡಬೇಕಿಲ್ಲ. ಚಿಕ್ಕ ಮಕ್ಕಳಿದ್ದರೆ ಹಣವನ್ನೆಲ್ಲ ಒಂದರ ಮೇಲೆಯೇ ಸುರಿಯಬಾರದು. ನಡುವೆ ಎರಡು ಕೀಲಿರುವ ಸಣ್ಣ ಮಾದರಿಗಳು ಹೆಚ್ಚು ಒಳಕ್ಕೆ ಮಡಚಿಕೊಳ್ಳುತ್ತವೆ, ಅವುಗಳಲ್ಲಿ ಮಗುವಿನ ಎರಡೂ ಕಣ್ಣಿಗೆ ನೋಟ ಕೂಡುತ್ತದೆ, ತೂಕವೂ ಅರ್ಧಕ್ಕಿಂತ ಕಡಿಮೆ. ಮಬ್ಬು ಬೆಳಕಿನಲ್ಲಿ ಸೋಲುತ್ತವೆ, ಅಷ್ಟೇ. ದೀಪಾವಳಿಗೆ ಮಗಳಿಗೆ 8×25ರ ಅಂಥದೊಂದನ್ನು ತಂದೆ. ಹೋದ ಭಾನುವಾರ ಕೊಂಡಜ್ಜಿಯ ಏರಿಯ ಮೇಲೆ ತಂತಿಯಲ್ಲಿ ಕುಳಿತಿದ್ದ ನೀಲಕಂಠವನ್ನು ಅವಳೇ ಮೊದಲು ಹಿಡಿದಳು, ನಾನು ಕನ್ನಡಕ ಒರೆಸಿ ಬಟ್ಟಲು ಇಳಿಸಿಕೊಳ್ಳುವಷ್ಟರಲ್ಲಿ ಅದು ರೆಕ್ಕೆಯ ನೀಲಿ ತೋರಿಸಿ ಜೋಳದ ಹೊಲದಾಚೆ ಹಾರಿತು.